ಮೂವತ್ತು ಜನ ಸಾಕೇ? ಸಹಸಂಬಂಧ ಅಧ್ಯಯನಗಳ ಮಾದರಿ ಗಾತ್ರ

ಎರಡು ಅಳತೆಗಳ ನಡುವೆ ನಂಟಿದೆಯೇ ಎಂದು ತಿಳಿಯಲು ಎಷ್ಟು ಜನರ ಮಾಹಿತಿ ಬೇಕು? ಮೂವತ್ತು ಸಾಕೆಂಬ ಉತ್ತರ ಸಂಶೋಧನಾ ವಿದ್ಯಾರ್ಥಿಗಳ ನಡುವೆ ಈಗಲೂ ಓಡಾಡುತ್ತಿದೆ. ನೂರು ವರ್ಷಗಳ ಸಂಖ್ಯಾಶಾಸ್ತ್ರವನ್ನು ಜಾಲಾಡಿದರೂ ಅದಕ್ಕೆ ಗಟ್ಟಿ ಆಧಾರ ಸಿಗುವುದಿಲ್ಲ.

1888ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಜನರ ಎತ್ತರಕ್ಕೂ ಮೊಳದುದ್ದಕ್ಕೂ ಇರುವ ನಂಟನ್ನು ಒಂದು ಅಂಕಿಯಲ್ಲಿ ಹಿಡಿದ. 1896ರಲ್ಲಿ ಕಾರ್ಲ್ ಪಿಯರ್ಸನ್ ಸಹಸಂಬಂಧ ಎನ್ನುವ ಆ ಅಂಕಿಗೆ ಇಂದಿಗೂ ಬಳಕೆಯಲ್ಲಿರುವ ಸೂತ್ರ ಕೊಟ್ಟ. ಇಬ್ಬರ ಕೈಯಲ್ಲೂ ಮಾಹಿತಿ ಧಾರಾಳವಾಗಿತ್ತು. ಗಾತ್ರದ ಚಿಂತೆ ಅವರನ್ನು ಅಷ್ಟಾಗಿ ಕಾಡಲಿಲ್ಲ.

ಕಾಡಿದ್ದು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್‌ನನ್ನು. ಅಲ್ಲಿನ ಪ್ರಯೋಗಗಳಲ್ಲಿ ಕೈಗೆ ಸಿಗುತ್ತಿದ್ದುದು ಬೆರಳೆಣಿಕೆಯ ಅಳತೆಗಳು. ಆತ 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದವನ್ನು ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕಾಗಿ ಎತ್ತಿ ಲೆಕ್ಕ ಹಾಕಿದ. ಕಂಪ್ಯೂಟರ್ ಇಲ್ಲದ ಕಾಲದ ಈ ತಾಳ್ಮೆಗೆ ತಲೆಬಾಗಲೇಬೇಕು. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಲೇಖನ, ಸಣ್ಣ ಮಾದರಿಯಲ್ಲಿ ಸಹಸಂಬಂಧ ಎಷ್ಟು ಹೊಯ್ದಾಡುತ್ತದೆ ಎಂಬುದನ್ನು ಕೆದಕಿತು. ಪೂರ್ಣ ಗಣಿತ ಒದಗಿಸಿದ್ದು ಇಪ್ಪತ್ತೈದರ ತರುಣ ರೊನಾಲ್ಡ್ ಫಿಶರ್, 1915ರಲ್ಲಿ. 1921ರಲ್ಲಿ ಆತ ವಿವರಿಸಿದ ರೂಪಾಂತರದಿಂದ ಲೆಕ್ಕ ತೀರಾ ಸುಲಭವಾಯಿತು: ಮಾದರಿಯ ಸಂಖ್ಯೆಯಿಂದ ಮೂರು ಕಳೆದು, ಉಳಿದುದರ ವರ್ಗಮೂಲದಿಂದ ಒಂದನ್ನು ಭಾಗಿಸಿದರೆ ರೂಪಾಂತರಗೊಂಡ ಅಂಕಿಯ ದೋಷದ ಅಳತೆ ಸಿಗುತ್ತದೆ.

ಇದನ್ನು ಮೂವತ್ತಕ್ಕೇ ಹಚ್ಚಿ ನೋಡಿ. ಮೂವತ್ತು ಜನರಲ್ಲಿ 0.3 ಸಹಸಂಬಂಧ ಬಂದರೆ, ಶೇ. 95ರ ವಿಶ್ವಾಸದಲ್ಲಿ ನಿಜವಾದ ಬೆಲೆ ಮೈನಸ್ 0.07ರಿಂದ 0.60ರವರೆಗೆ ಎಲ್ಲಿಯಾದರೂ ಇರಬಹುದು. ನಂಟೇ ಇಲ್ಲ ಎಂಬುದರಿಂದ ಹಿಡಿದು ಬಲವಾದ ನಂಟಿದೆ ಎಂಬುದರವರೆಗೆ ಎಲ್ಲವೂ ಅದರೊಳಗೇ ಇದೆ.

ಇಷ್ಟು ಗೊತ್ತಿದ್ದೂ ಸಂಶೋಧಕರು ಬದಲಾಗಲಿಲ್ಲ. 1962ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೋಹೆನ್ ತಮ್ಮ ಕ್ಷೇತ್ರದ ಪತ್ರಿಕೆಯೊಂದರ ಒಂದು ವರ್ಷದ ಲೇಖನಗಳನ್ನು ಪರಿಶೀಲಿಸಿದರು. ಮಧ್ಯಮ ಗಾತ್ರದ ಪರಿಣಾಮ ನಿಜಕ್ಕೂ ಇದ್ದರೂ ಅದನ್ನು ಪತ್ತೆ ಹಚ್ಚುವ ಸಾಧ್ಯತೆ ಸರಾಸರಿ ಅರ್ಧಕ್ಕಿಂತ ಕಡಿಮೆಯಿತ್ತು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಫಲ. ಕೋಹೆನ್ ಆಮೇಲೆ ನಂಟಿನ ಬಲಕ್ಕೆ 0.1, 0.3, 0.5 ಎಂಬ ಮೂರು ಮೆಟ್ಟಿಲುಗಳನ್ನು ಹಾಕಿಕೊಟ್ಟರು. ಇರುವ ನಂಟನ್ನು ಶೇ. 80ರಷ್ಟು ಸಲವಾದರೂ ಗುರುತಿಸಬೇಕೆಂದರೆ ಅವಕ್ಕೆ ಕ್ರಮವಾಗಿ ಸುಮಾರು 783, 85 ಮತ್ತು 28 ಜನ ಬೇಕು. ಮೂವತ್ತು ಸಾಲುವುದು ಕೊನೆಯದಕ್ಕೆ ಮಾತ್ರ, ಆದರೆ ಸಮಾಜವಿಜ್ಞಾನದಲ್ಲಿ 0.5ರಷ್ಟು ಬಲದ ನಂಟು ಸಿಗುವುದು ಅಪರೂಪ. 1989ರಲ್ಲಿ ಸೆಡ್ಲ್‌ಮೇಯರ್ ಮತ್ತು ಗಿಗರೆಂಜರ್ ಅದೇ ಪರಿಶೀಲನೆಯನ್ನು ಮತ್ತೆ ಮಾಡಿದಾಗ ಪರಿಸ್ಥಿತಿ ಸುಧಾರಿಸಿರಲಿಲ್ಲ.

ಈಚಿನ ವರ್ಷಗಳಲ್ಲಿ ಪ್ರಶ್ನೆಯೇ ಹೊರಳಿದೆ. ನಂಟು ಇದೆಯೇ ಎಂಬುದಕ್ಕಿಂತ, ಸಿಕ್ಕ ಅಂಕಿಯನ್ನು ಎಷ್ಟು ನಂಬಬಹುದು ಎಂಬುದು ಮುಖ್ಯವಾಗಿದೆ. ನನಗೆ ಇದೇ ಸರಿಯಾದ ದಾರಿ ಎನಿಸುತ್ತದೆ. 2013ರಲ್ಲಿ ಷೋನ್‌ಬ್ರಾಟ್ ಮತ್ತು ಪೆರುಜಿನಿ, ಸಾಮಾನ್ಯ ಸಂದರ್ಭಗಳಲ್ಲಿ ಸಹಸಂಬಂಧದ ಅಂಕಿ ನೆಲೆ ನಿಲ್ಲಲು ಸುಮಾರು 250 ಜನ ಬೇಕೆಂದು ತೋರಿಸಿದರು. 2022ರಲ್ಲಿ ‘ನೇಚರ್’ನಲ್ಲಿ ಬಂದ, ಸುಮಾರು 50,000 ಜನರ ಮಿದುಳಿನ ಚಿತ್ರಗಳನ್ನು ಬಳಸಿದ ಅಧ್ಯಯನ ಇನ್ನೂ ಕಟುವಾಗಿತ್ತು: ಮಿದುಳಿನ ರಚನೆ ಮತ್ತು ವರ್ತನೆಯ ನಡುವಿನ ನಂಟುಗಳು ಮತ್ತೆ ಮತ್ತೆ ಕಾಣಿಸಬೇಕಾದರೆ ಸಾವಿರಾರು ಜನ ಬೇಕು.

ಅಷ್ಟು ಜನರನ್ನು ಎಲ್ಲಿಂದ ತರುವುದು? ಜನರನ್ನು ಹುಡುಕುವ ಮೊದಲು ಅಳತೆಗೋಲನ್ನು ನೋಡಿಕೊಳ್ಳಿ. ಅಳೆಯಲು ಬಳಸುವ ಎರಡೂ ಪ್ರಶ್ನಾವಳಿಗಳ ವಿಶ್ವಾಸಾರ್ಹತೆ 0.7 ಇದ್ದರೆ, 0.3ರ ನಿಜ ನಂಟು 0.21 ಆಗಿ ಸೊರಗಿ ಕಾಣುತ್ತದೆ ಎಂಬುದು 1904ರಲ್ಲಿ ಸ್ಪಿಯರ್‌ಮನ್ ಕೊಟ್ಟ ಸೂತ್ರದ ಲೆಕ್ಕ. ಆಗ 85 ಜನರ ಜಾಗದಲ್ಲಿ ಸುಮಾರು 175 ಜನ ಬೇಕಾಗುತ್ತಾರೆ. ಇನ್ನೂ ತೊಂಬತ್ತು ಜನರನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಪ್ರಶ್ನಾವಳಿಯನ್ನು ತಿದ್ದುವುದು ಎಷ್ಟೋ ಅಗ್ಗ.