ವಾದ್ಯವಿಲ್ಲದೆ ಹಾಡಿದವರು

ಬಂಗಾರಪೇಟೆಯ ನಮಗೆ ಕೆ.ಜಿ.ಎಫ್. ರೈಲಿನಲ್ಲಿ ಹೋಗಿಬರುವ ನೆರೆಯೂರು. ಅಲ್ಲಿಯ ಗಣಿಗಳ ಬಗ್ಗೆ ನಾನು ಓದಿದ್ದರಲ್ಲಿ ಚಿನ್ನದ ತೂಕವಿತ್ತು, ಕಂಪೆನಿಯ ಹೆಸರಿತ್ತು. ಕೆಲಸಗಾರರು ಹಾಡಿಕೊಂಡದ್ದು ಇರಲಿಲ್ಲ. ಈ ಕೊರತೆ ಮನಸ್ಸಿಗೆ ತಟ್ಟಿದ್ದು ಚುಂಬಾವಾಂಬಾ ಎಂಬ ಇಂಗ್ಲೆಂಡಿನ ಪಂಕ್ ರಾಕ್ ತಂಡದ ಹಾಡು ಕೇಳಿದಾಗ.

1982ರಲ್ಲಿ ಹುಟ್ಟಿ, ಲೀಡ್ಸ್ ನಗರದಲ್ಲಿ ನೆಲೆಸಿದ ಈ ತಂಡದಲ್ಲಿ ಗಂಡಸರ ಜೊತೆಗೆ ಹೆಂಗಸರೂ ಹಾಡುತ್ತಿದ್ದರು. ಗಣಿ ಮುಚ್ಚುವುದನ್ನು ವಿರೋಧಿಸಿ ಅಲ್ಲಿಯ ಕಲ್ಲಿದ್ದಲು ಕಾರ್ಮಿಕರು 1984–85ರಲ್ಲಿ ಸುಮಾರು ಒಂದು ವರ್ಷ ಮುಷ್ಕರ ಹೂಡಿದಾಗ, ಇವರು ಅವರ ಬೆನ್ನಿಗೆ ನಿಂತರು. ಪಂಕ್ ಎಂದರೆ ಗಿಟಾರು, ಡ್ರಮ್ಮುಗಳ ಅಬ್ಬರ. ಆದರೆ 1988ರ ‘ಇಂಗ್ಲಿಷ್ ರೆಬೆಲ್ ಸಾಂಗ್ಸ್ 1381–1914’ ಆಲ್ಬಮ್ಮಿನಲ್ಲಿ ವಾದ್ಯಗಳನ್ನು ಬದಿಗಿಟ್ಟು, ಬರೀ ಕೊರಳಿನಿಂದ ಹಳೆಯ ಬಂಡಾಯದ ಹಾಡುಗಳನ್ನು ಹಾಡಿದರು. ಕಲ್ಲಿದ್ದಲು ಗಣಿಯವರ ಮೆರವಣಿಗೆ, ಮಗ್ಗದವರ ಬಡತನ ಎಲ್ಲವೂ ಅದರಲ್ಲಿವೆ.

ಬೆರಳಚ್ಚು ಒತ್ತಿಸಿಕೊಂಡು ನೋಂದಾಯಿಸುವುದನ್ನು ವಿರೋಧಿಸಿ ನಮ್ಮ ಕೆ.ಜಿ.ಎಫ್. ಕಾರ್ಮಿಕರೂ 1930ರಲ್ಲಿ ಮುಷ್ಕರ ಹೂಡಿದ್ದರು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿಯ ಮನೆಗಳಲ್ಲಿ ಯಾವ ಅಜ್ಜಿಯಾದರೂ ತಮಿಳಿನಲ್ಲೋ ತೆಲುಗಿನಲ್ಲೋ ಕನ್ನಡದಲ್ಲೋ ಹಳೆಯ ಸಾಲೊಂದನ್ನು ಗುನುಗಿದರೆ, ಪಕ್ಕದಲ್ಲಿ ಕುಳಿತು ಬರೆದಿಟ್ಟುಕೊಳ್ಳೋಣ. ಆ ಕೆಲಸವನ್ನು ಸೊಸೆಯೋ ಮೊಮ್ಮಗಳೋ ಮಾಡದಿದ್ದರೆ ಇನ್ನು ಯಾರು ಮಾಡಬೇಕು?