ಹೆಸರು ಬೀಳುವ ಹೊತ್ತಿನ ಹೆದರಿಕೆ

ಸಾಂಬ್ರಾದಿಂದ ಬೆಳಗಾವಿಯ ಟಾಕೀಸಿಗೆ ಬರುವ ಪ್ರೇಕ್ಷಕನಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಯ ಸಿನಿಮಾ ಒಂದೇ ಊರಿನಲ್ಲಿ ಸಿಗುತ್ತವೆ. ದೆವ್ವದ ಸಿನಿಮಾಗಳೂ ಅಷ್ಟೇ. ಆದರೆ ಮೂರರಲ್ಲೂ ಪರದೆಯ ಮೇಲೆ ಹೆಸರು ಬೀಳುವ ಹೊತ್ತು ಬಹುಕಾಲ ಸೀಟು ಹುಡುಕುವ, ಶೇಂಗಾ ಸುಲಿಯುವ ಹೊತ್ತಾಗಿಯೇ ಉಳಿದಿತ್ತು.

ಕಾಣದ್ದನ್ನು ಮುಂದಿಟ್ಟು ಕಾಯಿಸುವ ಕಲೆ ನಮಗೆ ಹೊಸದೇನಲ್ಲ. ಯಕ್ಷಗಾನದ ರಾಕ್ಷಸ ವೇಷ ತೆರೆಯ ಹಿಂದೆಯೇ ಅಬ್ಬರಿಸಿ, ಒಮ್ಮೆ ಕಿರೀಟ, ಒಮ್ಮೆ ಕಣ್ಣು ತೋರಿಸಿ, ಕೊನೆಗೆ ಮೈದೋರುತ್ತದೆ. ನಮ್ಮ ಕಡೆಯ ದೊಡ್ಡಾಟದಲ್ಲೂ ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ‘ನೀವು ಯಾರು’ ಎಂದು ಕೇಳಿಯೇ ಹೆಸರು ಹೊರಡಿಸುತ್ತಾನೆ. ಸಿನಿಮಾ ಮಾತ್ರ ಇದನ್ನು ಬಿಟ್ಟು ಕಂಪನಿ ನಾಟಕದ ನಾಂದಿಯನ್ನು ಹಿಡಿಯಿತು: ಮೊದಲು ದೇವರು, ಆಮೇಲೆ ಮಾಲೀಕರು, ಆಮೇಲೆ ಕೃತಜ್ಞತೆ.

ಅಮೆರಿಕದಲ್ಲಿ ಈ ಹೊತ್ತಿಗೆ ಬೇರೆ ಕೆಲಸ ಕೊಟ್ಟವನು ಟೈಟಲ್ ವಿನ್ಯಾಸಕ ಸಾಲ್ ಬಾಸ್. ಹಿಚ್‌ಕಾಕ್‌ನ ‘ವರ್ಟಿಗೋ’ (1958) ಹೆಣ್ಣಿನ ಕಣ್ಣೊಳಗಿಂದ ತಿರುಗುವ ಸುರುಳಿಗಳೊಂದಿಗೆ ಶುರುವಾಗುತ್ತದೆ. ‘ಸೈಕೋ’ (1960)ದಲ್ಲಿ ಬೂದು ಪಟ್ಟಿಗಳು ಅಡ್ಡಡ್ಡ, ಉದ್ದುದ್ದ ನುಗ್ಗಿ ಹೆಸರುಗಳನ್ನೇ ಸೀಳುತ್ತವೆ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಂದ ಎದೆ ಬಡಿತ ಏರಿಸುತ್ತಾನೆ. ಬಳಿಕ ಅರ್ಧ ಗಂಟೆಗೂ ಹೆಚ್ಚು ಕಾಲ ಕೊಲೆಯ ಸುಳಿವಿಲ್ಲ. ಆದರೂ ನಾವು ನೆಮ್ಮದಿಯಾಗಿ ಕೂರುವುದಿಲ್ಲ. ಅಪಾಯವಿದೆ ಎಂದು ಪಾತ್ರಗಳಿಗಿಂತ ಮೊದಲೇ ನಮಗೆ ತಿಳಿಸಿಬಿಟ್ಟಿದ್ದಾರೆ. ಇಡೀ ವಿದ್ಯೆಯ ಗುಟ್ಟು ಇಷ್ಟೇ ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ಹೆದರಿಸುವ ಹೊಣೆ ಹಾಡಿನ ಮೇಲೆ ಬಿತ್ತು. ಹಿಂದಿಯ ‘ಮಹಲ್’ (1949), ‘ಬೀಸ್ ಸಾಲ್ ಬಾದ್’ (1962) ನೆನಪಿನಲ್ಲಿ ಉಳಿದದ್ದೇ ಎಲ್ಲಿಂದಲೋ ತೇಲಿ ಬರುವ ಹೆಣ್ಣು ದನಿಯಿಂದ. ಅನಂತನಾಗ್, ಲಕ್ಷ್ಮಿ ನಟಿಸಿದ ಕನ್ನಡದ ‘ನಾ ನಿನ್ನ ಬಿಡಲಾರೆ’ (1979)ಗೆ ರಾಜನ್–ನಾಗೇಂದ್ರರ ಸಂಗೀತವಿತ್ತು. ಹಾಡೇ ನಡುಗಿಸುವಾಗ ಟೈಟಲ್ ಕಾರ್ಡಿಗೆ ಯಾರು ತಲೆ ಕೆಡಿಸಿಕೊಂಡಾರು? 1989ರಲ್ಲಿ ಸುನಿಲ್‌ಕುಮಾರ್ ದೇಸಾಯಿ ‘ತರ್ಕ’ದಲ್ಲಿ ಹಾಡುಗಳನ್ನೇ ಕೈಬಿಟ್ಟರು. ಆ ಮೇಲೆ ಹಿನ್ನೆಲೆ ಸಂಗೀತ, ನೆರಳು, ಮೌನಗಳೇ ದುಡಿಯಬೇಕಾಯಿತು. ಕನ್ನಡ ಥ್ರಿಲ್ಲರ್ ಮೊದಲ ನಿಮಿಷದಿಂದ ಬಿಗಿಯಾಗಿರಬೇಕು ಎಂಬ ಹಟ ಅಲ್ಲಿಂದ ಬಲವಾಯಿತು.

ಆದರೆ ಕನ್ನಡದ ಅತ್ಯುತ್ತಮ ಆರಂಭ ದೊಡ್ಡ ಪರದೆಯಲ್ಲಿ ಬರಲಿಲ್ಲ. ಅದು ಬಂದದ್ದು ದೂರದರ್ಶನದಲ್ಲಿ, 1990ರ ಸುಮಾರಿಗೆ. ಸದಾನಂದ ಸುವರ್ಣ ನಿರ್ದೇಶನದ ‘ಗುಡ್ಡದ ಭೂತ’ ಧಾರಾವಾಹಿಯಲ್ಲಿ. ಬಿ.ಆರ್. ಛಾಯಾ ದನಿಯ ‘ಡೆನ್ನಾನ ಡೆನ್ನಾನ’ ಶೀರ್ಷಿಕೆ ಗೀತೆ ಕೇಳಿದವರು ಮರೆತಿಲ್ಲ. ಕತೆ ಮರೆತವರಿಗೂ ಆ ಸೊಲ್ಲು ನೆನಪಿದೆ. ವಿಚಿತ್ರವೆಂದರೆ ಆ ಸೊಲ್ಲಿನಲ್ಲಿ ಹೆದರಿಕೆಯ ಅಂಶವೇ ಇಲ್ಲ. ತುಳುನಾಡಿನ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ದಣಿವು ಮರೆಯಲು ಹಾಡುವ ಪಾಡ್ದನದ್ದು ಅದು. ದುಡಿಮೆಯ ದನಿಯನ್ನು ಗುಡ್ಡ, ಭೂತಗಳ ಕತೆಯ ಮುಂದೆ ಇಟ್ಟದ್ದೇ ಜಾಣತನ. ವಾರವಾರವೂ ಅದೇ ದನಿ, ಅದರ ಹಿಂದೆ ಮತ್ತೊಂದು ಒಗಟು. ಕೊನೆಗೆ ದನಿ ಕೇಳಿದರೆ ಸಾಕು, ಮಕ್ಕಳು ಅಮ್ಮನ ಸೆರಗು ಹುಡುಕುತ್ತಿದ್ದರು. ಇಪ್ಪತ್ತೈದು ವರ್ಷಗಳ ಮೇಲೆ ಅನೂಪ್ ಭಂಡಾರಿಯ ‘ರಂಗಿತರಂಗ’ (2015) ಅದೇ ಸೊಲ್ಲನ್ನು ಮತ್ತೆ ಎತ್ತಿಕೊಂಡಿತು. ರಾಮ್ಸೆ ಸಹೋದರರ ‘ಝೀ ಹಾರರ್ ಶೋ’ ಕೇಬಲ್ಲಿನಲ್ಲಿ ಬಂದಾಗ ಅಬ್ಬರವಿತ್ತು, ‘ಗುಡ್ಡದ ಭೂತ’ದಷ್ಟು ಆಳವಿರಲಿಲ್ಲ.

ಅತ್ತ ಅಮೆರಿಕದಲ್ಲಿ 1995ರ ‘ಸೆವೆನ್’ ಚಿತ್ರ ಇನ್ನೊಂದು ಬಾಗಿಲು ತೆರೆಯಿತು. ಅದರ ಟೈಟಲ್‌ಗಳಿಗೆ ಕೈಲ್ ಕೂಪರ್ ಫಿಲ್ಮಿನ ಮೇಲೆಯೇ ಗೀಚಿದಂತಿರುವ ಅಕ್ಷರಗಳನ್ನು ತಂದ; ಯಾರದೋ ಕೈಗಳು ದಿನಚರಿ ಹೊಲಿಯುತ್ತವೆ, ಮುಖ ಕಾಣುವುದಿಲ್ಲ. ಕೊಲೆಗಾರನ ಪಾತ್ರ ಮಾಡಿದ ಕೆವಿನ್ ಸ್ಪೇಸಿಯ ಹೆಸರನ್ನೂ ಆರಂಭದಲ್ಲಿ ಹಾಕಲಿಲ್ಲ. ನಮ್ಮಲ್ಲಿ ಇದು ಕಷ್ಟ. ವಜ್ರಮುನಿ ಎಂದು ಹೆಸರು ಬಿದ್ದೊಡನೆ ಖಳ ಯಾರೆಂದು ಬಾಲ್ಕನಿಯಿಂದ ಗಾಂಧಿ ಕ್ಲಾಸಿನವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು!

ಈಚಿನವರು ಹೆಸರನ್ನು ಮುಂದೂಡಿ ಕತೆಯನ್ನೇ ಮೊದಲು ಬಿಡುತ್ತಾರೆ. ‘ತುಂಬಾಡ್’ (2018) ದೇವತೆಯ ಪುರಾಣದಿಂದ ಹೊರಡುತ್ತದೆ. ‘ಕಾಂತಾರ’ (2022) 1847ರ ಅರಸನಿಂದ ಹೊರಟು, 1970ರಲ್ಲಿ ದೈವನರ್ತಕ ಕಾಡಿನಲ್ಲಿ ಮಾಯವಾಗುವವರೆಗೆ ಬರುತ್ತದೆ. ಆ ಮಾಯವಾಗುವಿಕೆಯ ಪ್ರಶ್ನೆಯನ್ನು ಹೊತ್ತೇ ನಾವು ಉಳಿದದ್ದನ್ನು ನೋಡುತ್ತೇವೆ. ಕಟ್ಟುಪಾಡು ಇಲ್ಲದಿಲ್ಲ: 2012ರ ಅಕ್ಟೋಬರಿನಿಂದ, ತಂಬಾಕು ಸೇವನೆಯ ದೃಶ್ಯಗಳಿರುವ ಚಿತ್ರಗಳಲ್ಲಿ ಆರಂಭಕ್ಕೇ ಕನಿಷ್ಠ 30 ಸೆಕೆಂಡಿನ ಆರೋಗ್ಯ ಎಚ್ಚರಿಕೆ ಬರಬೇಕು. ಕೆಲವು ದೆವ್ವದ ಸಿನಿಮಾಗಳಲ್ಲಿ ನಿಜಕ್ಕೂ ಹೆದರಿಸುವುದು ಅದೊಂದೇ. ಇನ್ನು ಮನೆಯಲ್ಲಿ ನೋಡುವವರಿಗೆ ಆರಂಭವನ್ನೇ ಹಾರಿಸುವ ಗುಂಡಿಯನ್ನು ನೆಟ್‌ಫ್ಲಿಕ್ಸ್ 2017ರಲ್ಲಿ ಕೊಟ್ಟಿತು.

ಸಾಲ್ ಬಾಸ್ ಬಗ್ಗೆ ಪುಸ್ತಕಗಳಿವೆ. ಕನ್ನಡ ಟೈಟಲ್ ಕಾರ್ಡುಗಳಿಗೆ ಅಕ್ಷರ ಬರೆದ ಕಲಾವಿದರ ಹೆಸರು ಎಷ್ಟು ಜನರಿಗೆ ಗೊತ್ತು? ಹಳೆಯ ಚಿತ್ರಗಳನ್ನು ಟಿ.ವಿ.ಗೆ, ಯೂಟ್ಯೂಬಿಗೆ ಹಾಕುವಾಗ ಮೊದಲು ಕತ್ತರಿ ಬೀಳುವುದೂ ಅವರ ಕೆಲಸದ ಮೇಲೆಯೇ. ಹಕ್ಕು ಇಟ್ಟುಕೊಂಡ ನಿರ್ಮಾಪಕರೂ ಚಾನೆಲ್ಲಿನವರೂ ದಯವಿಟ್ಟು ಆ ಎರಡು ಮೂರು ನಿಮಿಷಗಳನ್ನು ಕತ್ತರಿಸಬೇಡಿ.