ಹಳೇ ರೀಲು, ಹೊಸ ಬ್ರೇಕು

ಬಿ.ಕಾಂ.ನಲ್ಲಿ ನಮಗೆ ಕಲಿಸಿದ್ದು ಇಷ್ಟೇ: ಮಷಿನ್ ಹಳೇದಾದಷ್ಟೂ ಬೆಲೆ ಇಳಿಯುತ್ತೆ. ಆದ್ರೆ ಅಮೆರಿಕದಲ್ಲಿ ಗಾಳದ ದಾರ ಸುತ್ತೋ ಹಳೇ ರೀಲುಗಳನ್ನ ಜನ ಹುಡುಕಿ ಕೊಳ್ತಾರೆ.

ನೂರಿಪ್ಪತ್ತು ವರ್ಷದ ಹಿಂದೆ ದೊಡ್ಡ ಮೀನು ದಾರ ಎಳ್ಕೊಂಡು ಓಡಿದ್ರೆ ರೀಲಿನ ಹಿಡಿ ಗಿರಗಿರ ಹಿಂದಕ್ಕೆ ತಿರುಗಿ ಬೆರಳಿನ ಗೆಣ್ಣಿಗೇ ಬಡೀತಿತ್ತು. ವಿಲಿಯಂ ಬೋಶನ್ ಅನ್ನೋ ಹವ್ಯಾಸಿಯ ಐಡಿಯಾದಂತೆ ಜೂಲಿಯಸ್ ವೋಮ್ ಹೋಫ್ ರೀಲಿನ ಒಳಗೇ ಬ್ರೇಕ್ ಕೂರಿಸಿದ್ರು. 1913ರಲ್ಲಿ ಬೋಶನ್ ಕ್ಯಾಲಿಫೋರ್ನಿಯಾದ ಕಟಲೀನಾ ದ್ವೀಪದ ಹತ್ರ ಅಂಥ ರೀಲಿನಲ್ಲೇ ಕತ್ತಿಮೀನು ಹಿಡಿದ್ರು.

1932ರಲ್ಲಿ ಫಿಲಡೆಲ್ಫಿಯಾದಲ್ಲಿ ಪೆನ್ ಕಂಪನಿ ಶುರುವಾಯ್ತು. 1936ರಲ್ಲಿ ಅದರ ‘ಸೆನೆಟರ್’ ರೀಲು ಬಂತು. ಹಳೇ ಸೆನೆಟರ್ ಕೊಂಡವರು ಒಳಗಿನ ಬ್ರೇಕ್ ವಾಷರ್ ತೆಗೆದು ಕಾರ್ಬನ್ ಫೈಬರಿಂದು ಹಾಕ್ತಾರೆ. ಬ್ರೇಕ್ ಬಿಗಿಯಾದ್ರೆ ಭಾರ ಗಿಯರ್ ಮೇಲೆ ಬೀಳುತ್ತೆ, ಅದನ್ನೂ ಬದಲಿಸ್ಬೇಕು. ಆಮೇಲೆ ಫ್ರೇಮು. ಹಾಗಾದ್ರೆ ಹಳೇದು ಅಂತ ಉಳಿದಿದ್ದೇನು?

ಸಂಗ್ರಹಕಾರರ ಸಿಟ್ಟು ನ್ಯಾಯವೇ. ಆದ್ರೆ ಇದ್ದ ರೀಲು ಸಾಲದು ಅಂತ ಬೋಶನ್‌ಗೆ ಅನ್ನಿಸಿದ್ದರಿಂದಲೇ ಈ ಕಥೆ ಶುರುವಾಗಿದ್ದು. ಬದಲಿಸಿ, ಬಳಸಿ. ತೆಗೆದ ಭಾಗಗಳನ್ನ ಮಾತ್ರ ಎಸೀಬೇಡಿ, ಚೀಟಿ ಅಂಟಿಸಿ ಡಬ್ಬೀಲಿಡಿ. ಮುಂದೆ ಯಾರಾದ್ರೂ ಅದನ್ನ ಮೊದಲಿನಂತೆ ಜೋಡಿಸಿ ನೋಡ್ಬೇಕಲ್ವಾ?